ಪ್ರೋಟೀನ್ ಡಬ್ಬದ ಮೇಲಿನ ಬರಹ

ಸಿನಿಮಾಕ್ಕೆ, ಕಾದಂಬರಿಗೆ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಐಟಿ ಮಂದಿ ಕಣ್ಣುಮುಚ್ಚಿ ನಂಬೋ ಒಂದು ಬರಹಕ್ಕೆ ಮಾತ್ರ ಯಾರೂ ವಿಮರ್ಶೆ ಬರೆದ ಹಾಗೆ ಕಾಣೆ. ಅದು ವೇ ಪ್ರೋಟೀನ್ ಡಬ್ಬದ ಮೇಲಿನ ಬರಹ. ಕಪ್ಪು ಡಬ್ಬ, ಚಿನ್ನದ ಬಣ್ಣದ ಅಕ್ಷರ, ನಡುವೆ ದಪ್ಪಗೆ ‘ಪ್ರತಿ ಸ್ಕೂಪ್‌ಗೆ 24 ಗ್ರಾಂ’. ಇವತ್ತು ಅದನ್ನೇ ಓದೋಣ.

ಮೊದಲು ಒಳಗಿರೋದೇನು ಅಂತ ನೋಡಿ. ಹಾಲು ಒಡೆಸಿ ಚೀಸ್ ಮಾಡಿದಾಗ ಉಳಿಯೋ ತಿಳಿನೀರೇ ವೇ, ಕನ್ನಡದಲ್ಲಿ ಹಾಲೊಡಕು. ಹಾಲಿನ ಪ್ರೋಟೀನಿನಲ್ಲಿ ಶೇ. 80ರಷ್ಟು ಕೇಸೀನ್, ಅದು ಚೀಸ್ ಆಗುತ್ತೆ. ಉಳಿದ ಶೇ. 20 ಈ ನೀರಿನ ಜೊತೆ ಹೋಗುತ್ತೆ. ಒಂದು ಕಾಲದಲ್ಲಿ ಅಮೆರಿಕ, ಯೂರೋಪಿನ ಚೀಸ್ ಕಾರ್ಖಾನೆಗಳು ಇದನ್ನು ಹಂದಿಗಳಿಗೆ ಕುಡಿಸ್ತಿದ್ದವು, ಇಲ್ಲವೇ ಹೊಳೆಗೆ ಬಿಡ್ತಿದ್ದವು. ಸೋಸಿ ಒಣಗಿಸೋ ತಂತ್ರ ಬಂದ ಮೇಲೆ ಅದೇ ನೀರು ಡಬ್ಬ ಸೇರಿತು. ಅಂದರೆ ಇದು ಸ್ಟೆರಾಯ್ಡೂ ಅಲ್ಲ, ಅಮೃತವೂ ಅಲ್ಲ. ಹಾಲಿನ ಒಂದು ಪಾಲು. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನು ಕೇಳದೆ ಮುಟ್ಟಬಾರದು, ನಿಜ. ಆರೋಗ್ಯವಾಗಿರೋರನ್ನು ಆ ಹೆಸರಲ್ಲಿ ಹೆದರಿಸಬೇಕಾಗಿಲ್ಲ. ‘ಪನೀರ್ ಸೋಸಿದ ನೀರು ಕುಡೀರಿ, ಅದೇ ವೇ’ ಅನ್ನೋ ವಾಟ್ಸಾಪ್ ಪಂಡಿತರನ್ನೂ ನಂಬಬೇಡಿ. ಪನೀರಿಗೆ ಹಾಲನ್ನು ಚೆನ್ನಾಗಿ ಕಾಯಿಸೋದರಿಂದ ಆ ಪ್ರೋಟೀನಿನ ಬಹುಪಾಲು ಪನೀರಿಗೇ ಅಂಟಿಕೊಳ್ಳುತ್ತೆ.

ಹಾಗಾದರೆ ನನ್ನ ತಕರಾರು ಏನು? ಆ 24 ಗ್ರಾಂ ಯಾರಿಗೆ ಬೇಕು ಅನ್ನೋದನ್ನು ಡಬ್ಬ ಎಲ್ಲೂ ಹೇಳಲ್ಲ.

ಲೆಕ್ಕ ಹಾಕಿ. ಐಸಿಎಂಆರ್ ಪ್ರಕಾರ ದಿನಕ್ಕೆ ಬೇಕಾದ್ದು ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. 70 ಕೆ.ಜಿ. ಇರೋನಿಗೆ 58 ಗ್ರಾಂ ಆಯಿತು. ಎರಡು ರಾಗಿಮುದ್ದೆಯಲ್ಲಿ ಸುಮಾರು 10, ಸಾರಿಗೆ ಹಾಕಿದ 50 ಗ್ರಾಂ ತೊಗರಿಬೇಳೆಯಲ್ಲಿ 11, ಅನ್ನದಲ್ಲಿ 10, ಹಾಲು ಮೊಸರು ಸೇರಿ 12, ಎರಡು ಮೊಟ್ಟೆಯಲ್ಲಿ 12, ಒಂದು ಹಿಡಿ ಕಡಲೆಕಾಯಿಬೀಜದಲ್ಲಿ 7. ಒಟ್ಟು 62. ಕುರ್ಚಿ ಮೇಲೆ ಕೂತು ಕೋಡ್ ಬರೆಯೋನಿಗೆ ಇಷ್ಟು ಸಾಕು. ಇನ್ನು ನಿಜವಾಗಿ ಭಾರ ಎತ್ತೋರು. ಅವರಿಗೂ ಕೆ.ಜಿ.ಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲ್ಲ ಅಂತ ಐಸಿಎಂಆರ್ 2024ರ ಮಾರ್ಗಸೂಚಿ ಹೇಳುತ್ತೆ. ಅಂದರೆ 112 ಗ್ರಾಂ. ಕೊರತೆ ಇರೋದು ಇಲ್ಲಿ. ಅದೇ ಮಾರ್ಗಸೂಚಿ ಪುಡಿ ಬೇಡವೇ ಬೇಡ ಅನ್ನುತ್ತೆ. ಅದನ್ನು ನಾನು ಪೂರ್ತಿ ಒಪ್ಪಲ್ಲ. ಮೊಟ್ಟೆ ಮಾಂಸ ತಿನ್ನದೆ, ವಾರಕ್ಕೆ ನಾಲ್ಕು ದಿನ ಬೆವರು ಸುರಿಸೋ ಹುಡುಗಿಗೆ ಒಂದು ಸ್ಕೂಪ್ ಒಳ್ಳೆ ಅನುಕೂಲ.

ಆದರೆ ಡಬ್ಬ ಮಾರಾಟ ಆಗ್ತಿರೋದು ಅವಳಿಗೆ ಮಾತ್ರ ಅಲ್ಲ. ನನ್ನ ಚಿಕ್ಕಪ್ಪನ ಮಗ ಊರಿಂದ ಬಂದು ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತಾನೆ. ಜಿಮ್ ಟ್ರೈನರ್ ‘ವೇ ಇಲ್ದೆ ವರ್ಕೌಟ್ ವೇಸ್ಟು ಗುರೂ’ ಅಂದನಂತೆ, ಡಬ್ಬವನ್ನೂ ಅವನೇ ಮಾರಿದನಂತೆ. ಮೂರು ಸಾವಿರ ಹೊಂದಿಸೋಕೆ ನಮ್ಮ ಹುಡುಗ ಬೆಳಗಿನ ತಿಂಡಿ, ರಾತ್ರಿ ಹಾಲು ಎರಡನ್ನೂ ಬಿಟ್ಟಿದ್ದ. ‘ಅಣ್ಣ, ಸ್ಕೂಪ್ ಹಾಕ್ಕೊಂಡ್ರೆ ಊಟ ಮಾಡಿದಂಗೇ ಅಲ್ವಾ?’ ಅಂತ ಕೇಳಿದ. ಕೇಳಿ ಹೊಟ್ಟೆ ಉರೀತು. ಮೂರು ಸಾವಿರದ ಒಂದು ಕೆ.ಜಿ. ಡಬ್ಬದಲ್ಲಿ ಸುಮಾರು 30 ಸ್ಕೂಪ್, ಅಂದರೆ ಸ್ಕೂಪಿಗೆ ನೂರು ರೂಪಾಯಿ. ಅಷ್ಟೇ ಪ್ರೋಟೀನ್ ನಾಲ್ಕು ಮೊಟ್ಟೆಯಲ್ಲಿದೆ. ಕ್ಯಾಲೊರಿ ಜಾಸ್ತಿ ಅಂತೀರಾ? ದಿನವಿಡೀ ಬೈಕ್ ಓಡಿಸಿ ಮೆಟ್ಟಿಲು ಹತ್ತೋನಿಗೆ ಅದೂ ಬೇಕು ಸ್ವಾಮಿ.

ಇಷ್ಟಾಗಿಯೂ ಆ 24 ನಿಜವೇ? 2024ರಲ್ಲಿ ‘ಮೆಡಿಸಿನ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಭಾರತದಲ್ಲಿ ಸಿಗೋ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿತು. ಶೇ. 70ರಷ್ಟು ಪುಡಿಗಳಲ್ಲಿ ಲೇಬಲ್ಲಿಗೂ ಪ್ರೋಟೀನ್ ಪ್ರಮಾಣಕ್ಕೂ ತಾಳೆ ಇರಲಿಲ್ಲ. ಮೋಸದ ಒಂದು ದಾರಿ ಬಲು ಸರಳ. ಸಾಮಾನ್ಯ ಪರೀಕ್ಷೆ ಪ್ರೋಟೀನನ್ನು ನೇರ ಅಳೆಯಲ್ಲ, ನೈಟ್ರೋಜನ್ ಅಳೆದು ಗುಣಿಸುತ್ತೆ. ಅಗ್ಗದ ಗ್ಲೈಸೀನ್ ಬೆರೆಸಿದರೆ ನೈಟ್ರೋಜನ್ ಏರುತ್ತೆ, ಕಾಗದದ ಮೇಲೆ ಪ್ರೋಟೀನೂ ಏರುತ್ತೆ. ಟೆಸ್ಟ್ ಕೇಸ್ ಪಾಸಾಗಲಿ ಅಂತಲೇ ಬರೆದ ಕೋಡ್ ಇದ್ದ ಹಾಗೆ. ನಮಗೆ ಇದು ಹೊಸದೇನಲ್ಲ ಬಿಡಿ.

ಒಟ್ಟಾರೆ ನನ್ನ ತೀರ್ಪು ಇಷ್ಟು: ಸರಕು ಪರವಾಗಿಲ್ಲ, ಬರಹ ಕಳಪೆ. ಕೊಳ್ಳೋ ಮುಂಚೆ ಒಂದು ವಾರ ತಿಂದದ್ದನ್ನೆಲ್ಲ ಫೋನಲ್ಲಿ ಬರೆದಿಡಿ, ಕೂಡಿ ನೋಡಿ. ನಿಜಕ್ಕೂ ಕೊರತೆ ಇದ್ದು, ಕಿಸೆಯಲ್ಲಿ ದುಡ್ಡೂ ಇದ್ದರೆ, ಬ್ಯಾಚ್‌ವಾರು ಲ್ಯಾಬ್ ವರದಿ ತೋರಿಸೋರ ಹತ್ತಿರ ಕೊಳ್ಳಿ. ಯಾರಾದರೂ ಹುಡುಗ ಊಟ ಬಿಟ್ಟು ಡಬ್ಬ ಕೊಳ್ತಿದ್ರೆ, ಲೆಕ್ಚರ್ ಕೊಡೋ ಮುಂಚೆ ಅವನನ್ನು ಮನೆಗೆ ಕರೆದು ಬಡಿಸಿ.