ಸಿದ್ದಿ ಕೌದಿ: ಹೊಲಿದವಳ ಹೆಸರು

ಉರ್ದುವಿನಲ್ಲಿ 'ಗುದಡಿ ಕಾ ಲಾಲ್' ಎಂಬ ಮಾತಿದೆ. ಚಿಂದಿ ಕೌದಿಯಲ್ಲಿ ಅಡಗಿದ ಮಾಣಿಕ್ಯ ಎಂದರ್ಥ. ಹೊಗಳಿಕೆಯೆಲ್ಲ ಮಾಣಿಕ್ಯಕ್ಕೆ, ಕೌದಿ ಬರೀ ಚಿಂದಿ. ಪುತ್ತೂರು, ಸುಳ್ಯ, ಕಡಬದ ಕಡೆಯ ನಮಗೂ ಹಳೆ ಸೀರೆಯ ಹೊದಿಕೆಯೆಂದರೆ ಮಳೆಗಾಲದ ಚಳಿಗೊಂದು ಆಸರೆ, ಅಷ್ಟೆ. ಇದೇ ಘಟ್ಟಸಾಲಿನ ಉತ್ತರದಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿದ ಕೌದಿಗಳ ಮುಂದೆ ಆ ಗಾದೆ ನಿಲ್ಲುವುದಿಲ್ಲ.

ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿಯರು ಹೊಲಿಯುತ್ತಾರೆ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮುಂದಿನ ತುಂಡು ಯಾವುದೆಂದು ಹಿಂದಿನ ತುಂಡೇ ಹೇಳಬೇಕು. ಕತೆ ಬರೆಯುವವರಿಗೆ ಈ ಕಷ್ಟ ಗೊತ್ತು. ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫೂಲ', ಎಂದರೆ ಹೂವು. ಅದಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ. ಬೆಚ್ಚಗಾಗಲು ಹೂವು ಬೇಕಿಲ್ಲ. ಬೇಕು ಎಂದವಳು ಕಲಾವಿದೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ನೆರವಿನಿಂದ 2004ರಲ್ಲಿ ಈ ಹೆಂಗಸರ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯೇರಿದವು. 2013ರಲ್ಲಿ ಅವರ ಲೇಖನ 'ಆಫ್ರಿಕನ್ ಆರ್ಟ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಉಪಕಾರ ದೊಡ್ಡದು. ಆದರೂ ಶೀರ್ಷಿಕೆಯಲ್ಲೇ 'ಆಫ್ರಿಕನ್ನರು' ಎಂದಾಗ ಓದುಗನ ಕಣ್ಣು ಮೂಲ ಹುಡುಕಿಕೊಂಡು ಹಡಗು ಹತ್ತುತ್ತದೆ, ಹೊಲಿದವಳ ಮೇಲೆ ನಿಲ್ಲುವುದಿಲ್ಲ. ಸೂಜಿ ಹಿಡಿದದ್ದು ಜನಾಂಗವಲ್ಲ, ಒಬ್ಬಳು ಹೆಂಗಸು.

ಕವಿಗೊಂದು ಸಂಕಲನವಿರುವಂತೆ ಒಬ್ಬಳೇ ಹೊಲಿಗೆಗಾತಿಯ ಕೌದಿಗಳು, ಮೊದಲನೆಯದರಿಂದ ಕೊನೆಯದರವರೆಗೆ, ಅವಳ ಹೆಸರಿನಲ್ಲೇ ಕನ್ನಡದಲ್ಲಿ ಪುಸ್ತಕವಾಗಿ ಬರಬೇಕು. ಬಣ್ಣದ ಪುಟಗಳಲ್ಲೇ ಬರಲಿ. ಕಪ್ಪುಬಿಳುಪಿನಲ್ಲಿ ಕೌದಿ ಸತ್ತುಹೋಗುತ್ತದೆ.