ಟೋಕನ್ ಬಂತು, ಕಾಯುವುದು ತಪ್ಪಲಿಲ್ಲ

ಬ್ಯಾಂಕಿನಲ್ಲಿ ಚೆಕ್ ಕೊಟ್ಟು, ಹಿತ್ತಾಳೆಯ ಬಿಲ್ಲೆ ಪಡೆದು, ಕ್ಯಾಷಿಯರ್ ಕೂಗುವವರೆಗೆ ಬೆಂಚಿನ ಮೇಲೆ ಕೂರುತ್ತಿದ್ದ ಕಾಲ ಹೋಯಿತು. ಈಗ ಯಂತ್ರದ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಗೋಡೆಯ ಮೇಲೆ ಕೆಂಪು ಅಂಕಿ ಹೊಳೆಯುತ್ತದೆ, ಧ್ವನಿವರ್ಧಕ ಸಂಖ್ಯೆ ಕೂಗುತ್ತದೆ. ಆಸ್ಪತ್ರೆ, ಬ್ಯಾಂಕು, ಮೊಬೈಲ್ ಕಂಪನಿಯ ಮಳಿಗೆ, ಸರ್ಕಾರಿ ಸೇವಾ ಕೇಂದ್ರ ಹೀಗೆ ಎಲ್ಲೆಡೆ ಇದೇ ನೋಟ. ಇದರ ಹಿಂದೆ ನೂರು ವರ್ಷ ದಾಟಿದ ಒಂದು ಗಣಿತವಿದೆ. ಸರತಿ ಸಾಲಿನ ಸಿದ್ಧಾಂತವೆಂದು ಅದರ ಹೆಸರು. ಗಣಿತ ಗಟ್ಟಿಯಾದದ್ದೇ. ಆದರೆ ಅದನ್ನು ಕೌಂಟರಿನ ಮುಂದೆ ತಂದು ನಿಲ್ಲಿಸಿದ ಬಗೆ ಅರೆಬರೆ.

ಈ ಗಣಿತ ಹುಟ್ಟಿದ್ದು ಟೆಲಿಫೋನ್ ತಂತಿಗಳ ನಡುವೆ. ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಗೆ ಸೇರಿದರು. ಎಷ್ಟು ಲೈನುಗಳಿದ್ದರೆ ಕರೆಗಳು ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂಬುದು ಕಂಪನಿಯ ತಲೆನೋವು. 1909ರಲ್ಲಿ ಎರ್ಲಾಂಗ್ ತಮ್ಮ ಮೊದಲ ಪ್ರಬಂಧ ಪ್ರಕಟಿಸಿದರು, 1917ರಲ್ಲಿ ಇಂದಿಗೂ ಬಳಕೆಯಲ್ಲಿರುವ ಸೂತ್ರಗಳನ್ನು ಕೊಟ್ಟರು. ಟೆಲಿಫೋನ್ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಫೋನ್ ಹಿಡಿದು ಕಾಯುವವರಿಗೆ ಬೇರೆ ಯಾರು ಕಾಯುತ್ತಿದ್ದಾರೆಂದು ಕಾಣುವುದಿಲ್ಲ. ಕೌಂಟರಿನ ಮುಂದೆ ಕಾಯುವವರಿಗೆ ಎಲ್ಲವೂ ಕಾಣುತ್ತದೆ. ಸಿದ್ಧಾಂತ ಎಡವುವ ಜಾಗಗಳಲ್ಲಿ ಇದೂ ಒಂದು.

ಎಡವದ ಜಾಗವನ್ನು ಮೊದಲು ನೋಡೋಣ. ಒಂದೇ ಕೌಂಟರು. ಒಬ್ಬೊಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ. ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಒಬ್ಬರದು ಬೇಗ ಮುಗಿಯುತ್ತದೆ, ಇನ್ನೊಬ್ಬರದು ಎಳೆಯುತ್ತದೆ. ಗುಮಾಸ್ತರ ಸಮಯದಲ್ಲಿ ಅರ್ಧದಷ್ಟು ಕೆಲಸದಲ್ಲಿ ಕಳೆದರೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಶೇ. 80ರಷ್ಟು ಕಳೆದರೆ ಕಾಯುವುದು 20 ನಿಮಿಷ. ಶೇ. 90ಕ್ಕೆ 45 ನಿಮಿಷ. ಶೇ. 95ಕ್ಕೆ 95 ನಿಮಿಷ! ಕೆಲಸ ಹೆಚ್ಚಿದ್ದು ಚೂರು, ಕಾಯುವ ಹೊತ್ತು ಹೆಚ್ಚಿದ್ದು ದುಪ್ಪಟ್ಟಿಗಿಂತ ಜಾಸ್ತಿ.

ಸಿದ್ಧಾಂತ ಕಲಿಸುವ ಪಾಠಗಳಲ್ಲಿ ಇದೇ ಮುಖ್ಯ, ಮತ್ತು ನಮ್ಮ ಕಚೇರಿಗಳು ಕಿವಿಗೆ ಹಾಕಿಕೊಳ್ಳದ ಪಾಠವೂ ಇದೇ. ಗಂಟೆಗೆ 12 ನಿಮಿಷ ಗುಮಾಸ್ತರು ಸುಮ್ಮನೆ ಕೂತಿದ್ದು ಮೇಲಧಿಕಾರಿಯ ಕಣ್ಣಿಗೆ ಬಿದ್ದರೆ ಅವರಿಗೆ ಇನ್ನೊಂದು ರಿಜಿಸ್ಟರ್ ಅಂಟಿಸುತ್ತಾರೆ, ಇಲ್ಲವೇ ಪಕ್ಕದ ಕೌಂಟರಿನವರನ್ನು ಚುನಾವಣಾ ಕೆಲಸಕ್ಕೆ ಕಳಿಸುತ್ತಾರೆ. ಸಾಲು ಬಾಗಿಲು ದಾಟದಂತೆ ತಡೆದಿದ್ದು ಆ 12 ನಿಮಿಷವೇ ಎಂಬುದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಎರಡನೆಯ ಪಾಠ ಸಾಲುಗಳನ್ನು ಕೂಡಿಸುವುದು. ಎರಡು ಕೌಂಟರಿಗೆ ಎರಡು ಪ್ರತ್ಯೇಕ ಸಾಲುಗಳಿದ್ದು, ಎರಡೂ ಶೇ. 80ರಷ್ಟು ಬಿಡುವಿಲ್ಲದೆ ಇದ್ದರೆ ಕಾಯುವುದು ಆಗಲೇ ಹೇಳಿದ 20 ನಿಮಿಷ. ಎರಡಕ್ಕೂ ಸೇರಿ ಒಂದೇ ಸಾಲು ಮಾಡಿದರೆ 9 ನಿಮಿಷ. ಹೊಸ ನೌಕರರು ಬೇಡ, ಹೊಸ ಕಟ್ಟಡ ಬೇಡ. ಇದಕ್ಕೆ ಭಾರತ ಕಂಡ ದೊಡ್ಡ ಉದಾಹರಣೆ ರೈಲ್ವೆ ಮುಂಗಡ ಟಿಕೆಟ್. ಕಂಪ್ಯೂಟರ್ ಬರುವ ಮುಂಚೆ ಇಂಥ ರೈಲಿಗೆ ಇಂಥದೇ ಕೌಂಟರ್ ಎಂದಿತ್ತು, ಏಕೆಂದರೆ ಆ ರೈಲಿನ ಲೆಡ್ಜರ್ ಇದ್ದದ್ದು ಅಲ್ಲಿ ಮಾತ್ರ. ಪಕ್ಕದ ಕೌಂಟರಿನವರು ಆಕಳಿಸುತ್ತಿದ್ದರೂ ಅವರಿಂದ ಉಪಯೋಗವಿರಲಿಲ್ಲ. 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ಆರಂಭವಾದ ಗಣಕೀಕೃತ ಕಾಯ್ದಿರಿಸುವಿಕೆ ಲೆಡ್ಜರನ್ನು ಮೇಜಿನಿಂದ ಬಿಡಿಸಿತು. ಯಾವ ರೈಲಿಗಾದರೂ ಯಾವ ಕೌಂಟರಿನಲ್ಲಾದರೂ ಟಿಕೆಟ್ ಸಿಗುವಂತಾಯಿತು. 2005ರಲ್ಲಿ ಶುರುವಾದ 'ಬೆಂಗಳೂರು ಒನ್' ಕೂಡ ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ಕಟ್ಟಿಸಿಕೊಂಡು ಅದೇ ದಾರಿ ಹಿಡಿಯಿತು.

ಹಾಗಾದರೆ ಟೋಕನ್ ಯಂತ್ರವೂ ಎಲ್ಲರನ್ನೂ ಒಂದೇ ಸಾಲಿಗೆ ತರಬೇಕಲ್ಲವೇ? ಅದರ ಉದ್ದೇಶವೇನೋ ಅದೇ. ಚೀಟಿಯನ್ನು ಹತ್ತಿರದಿಂದ ನೋಡಿ: 'ಬಿ 047', ಕೆಳಗೆ ಬಂದ ಸಮಯ, ಅದರ ಕೆಳಗೆ 'ನಿಮ್ಮ ಮುಂದೆ 19 ಜನ'. ಆ 'ಬಿ' ಅಕ್ಷರದಲ್ಲಿದೆ ಸಮಸ್ಯೆ. ಹಣ ಕಟ್ಟುವವರು ಎ, ಅರ್ಜಿ ಕೊಡುವವರು ಬಿ, ತಿದ್ದುಪಡಿಗೆ ಸಿ, ಹಿರಿಯ ನಾಗರಿಕರಿಗೆ ಡಿ. ಬಿ ಸರಣಿಯವರು 19 ಜನ ಕೂತಿರುವಾಗ ಸಿ ಕೌಂಟರ್ ಖಾಲಿ. ಹಳೆಯ ರೈಲ್ವೆ ಲೆಡ್ಜರು ಅಕ್ಷರದ ವೇಷದಲ್ಲಿ ಮರಳಿ ಬಂದಿದೆ. ಇಂಥ ಕಡೆ ಯಂತ್ರದಿಂದ ಆಗಿರುವ ಲಾಭ ಒಂದೇ, ನಿಂತು ಕಾಯುತ್ತಿದ್ದವರು ಕೂತು ಕಾಯುತ್ತಾರೆ. ಮಂಡಿನೋವಿನವರಿಗೆ ಅದೂ ಸಣ್ಣ ಸಂಗತಿಯೇನಲ್ಲ, ನಿಜ. ಆದರೆ ಟೆಂಡರ್ ಕರೆದವರು ಹೇಳಿದ್ದು ಕಾಯುವಿಕೆ ಕಡಿಮೆಯಾಗುತ್ತದೆ ಎಂದು.

ಸಾಲು ಕೂಡಿಸುವುದೇ ಸರ್ವರೋಗಕ್ಕೂ ಮದ್ದು ಎನ್ನುವವರಿಗೂ ಉತ್ತರವಿದೆ. ಸಂಶೋಧಕರಾದ ಮೈಕೆಲ್ ರಾಥ್‌ಕಾಫ್ ಮತ್ತು ಪಾಲ್ ರೆಚ್ 1987ರಲ್ಲೇ ಈ ಪಾಠವನ್ನು ಪ್ರಶ್ನಿಸಿದ್ದರು. ಬೇರೆ ಬೇರೆ ಸಾಲುಗಳಿದ್ದಾಗ ಜನ ಮೂರ್ಖರಂತೆ ನಿಂತಲ್ಲೇ ನಿಲ್ಲುವುದಿಲ್ಲ, ಪಕ್ಕದ ಸಾಲು ಕರಗಿದರೆ ಅಲ್ಲಿಗೆ ಜಿಗಿಯುತ್ತಾರೆ. ಮೇಲಾಗಿ, ತನ್ನದೇ ಸಾಲು ಎಂಬ ಹೊಣೆಯಿದ್ದರೆ ನೌಕರರ ಕೈ ಚುರುಕಾಗಬಹುದು. ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರುಗಳನ್ನು ನೋಡಿದವರಿಗೆ ಈ ವಾದ ತಳ್ಳಿಹಾಕುವಂಥದ್ದಲ್ಲ ಎನಿಸುತ್ತದೆ.

ಇನ್ನು ಸೂತ್ರಗಳ ದೊಡ್ಡ ಕೊರತೆ. ಪಠ್ಯಪುಸ್ತಕದ ಸೂತ್ರ ಜನ ದಿನವಿಡೀ ಒಂದೇ ಸಮನೆ ಬರುತ್ತಾರೆಂದು ನಂಬುತ್ತದೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಜನ ಹಾಗೆ ಬರುವುದಿಲ್ಲ, ಬಸ್ಸು ಬಂದಾಗ ಬರುತ್ತಾರೆ. ಕೌಂಟರ್ 9ಕ್ಕೆ ತೆರೆಯುವುದಾದರೆ 7ಕ್ಕೇ ಚಪ್ಪಲಿ, ಚೀಲ, ನೀರಿನ ಬಾಟಲಿಗಳು ಸಾಲಿನಲ್ಲಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಹಾಲ್ ಖಾಲಿ. ಇಡೀ ದಿನದ ಸರಾಸರಿ ತೆಗೆದರೆ ಕೌಂಟರು ಶೇ. 60ರಷ್ಟೂ ಬಿಡುವಿಲ್ಲದೆ ಇರದಿರಬಹುದು, ಸೂತ್ರ 'ಎಲ್ಲ ಸರಿಯಿದೆ' ಎನ್ನುತ್ತದೆ. ಏಳಕ್ಕೆ ಬಂದವರ ಪಾಡು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ 1952ರಲ್ಲಿ ಆಸ್ಪತ್ರೆಗಳ ಇಂಥದೇ ಗೋಳಿಗೆ ಸರಳ ಉಪಾಯ ಸೂಚಿಸಿದ್ದರು: ಆರಂಭಕ್ಕೆ ಇಬ್ಬರು ರೋಗಿಗಳನ್ನು ಕರೆಯಿರಿ, ಆಮೇಲೆ ಒಬ್ಬರ ತಪಾಸಣೆಗೆ ಬೇಕಾಗುವ ಸರಾಸರಿ ಸಮಯದ ಅಂತರದಲ್ಲಿ ಒಬ್ಬೊಬ್ಬರನ್ನು. ವೈದ್ಯರ ಒಂದು ನಿಮಿಷವೂ ವ್ಯರ್ಥವಾಗಬಾರದೆಂದು ಎಲ್ಲ ರೋಗಿಗಳನ್ನೂ ಬೆಳಿಗ್ಗೆಯೇ ಕೂರಿಸುವ ಪದ್ಧತಿಗೆ ಇದು ನೇರ ಉತ್ತರ. ಎಷ್ಟೋ ಕ್ಲಿನಿಕ್‌ಗಳಲ್ಲಿ ಇಂದಿಗೂ ಹೇಳುವುದು 'ಒಂಬತ್ತಕ್ಕೆ ಬಂದು ಹೆಸರು ಬರೆಸಿ' ಎಂದೇ.

ಬರುವ ಹೊತ್ತನ್ನು ಹಂಚಿ ಗೆದ್ದ ಪ್ರಯೋಗ ಪಾಸ್‌ಪೋರ್ಟ್ ಸೇವಾ ಕೇಂದ್ರ. 2010ರಲ್ಲಿ ಪ್ರಾಯೋಗಿಕವಾಗಿ ತೆರೆದ ಮೊದಲ ಕೇಂದ್ರಗಳಲ್ಲಿ ಕರ್ನಾಟಕದವು ಸೇರಿದ್ದವು. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ದಾಖಲೆ ಸ್ಕ್ಯಾನ್. ಬಿಯಲ್ಲಿ ಪರಿಶೀಲನೆ. ಸಿಯಲ್ಲಿ ಮಂಜೂರಾತಿ. ಇಲ್ಲಿನ ಅಕ್ಷರಗಳು ಜನರನ್ನು ಗುಂಪು ಮಾಡಿ ಒಡೆಯುವುದಿಲ್ಲ, ಕೆಲಸವನ್ನು ಹಂತಗಳಾಗಿ ಒಡೆಯುತ್ತವೆ. ಆನ್‌ಲೈನಿನಲ್ಲಿ ಸಮಯ ಗೊತ್ತುಮಾಡಿಕೊಂಡೇ ಬರಬೇಕಾದ್ದರಿಂದ ನೂಕುನುಗ್ಗಲಿಲ್ಲ. ಹಳೆಯ ಪಾಸ್‌ಪೋರ್ಟ್ ಕಚೇರಿಯ ಮುಂದೆ ನಿಂತವರು ಇದನ್ನು ಹೊಗಳದೆ ಇರಲಾರರು. ಆದರೂ ಒಂದು ತಕರಾರು ಉಳಿಯುತ್ತದೆ. ಆರಂಭದ ವರ್ಷಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ದುಸ್ತರವಾಗಿತ್ತು. ಸಾಲು ಕಚೇರಿಯ ಹಾಲ್ ಬಿಟ್ಟು ಅರ್ಜಿದಾರರ ಮನೆಯ ಕಂಪ್ಯೂಟರ್ ಮುಂದೆ ಬಂದು ಕೂತಿತ್ತು. ಹಾಲ್‌ನಲ್ಲಿ ಕಳೆದ ಹೊತ್ತನ್ನಷ್ಟೇ ಅಳೆದು ಬೆನ್ನು ತಟ್ಟಿಕೊಳ್ಳುವವರು ಇದನ್ನು ಮರೆಯಬಾರದು.

ಹಾಗೆಯೇ ಲೆಕ್ಕಕ್ಕೆ ಸಿಗದವರು 'ಆಧಾರ್ ಜೆರಾಕ್ಸ್ ಇಲ್ಲ, ನಾಳೆ ಬನ್ನಿ' ಎನಿಸಿಕೊಂಡವರು. ಯಂತ್ರದ ಪ್ರಕಾರ ಅವರ ಟೋಕನ್ ಮುಗಿದಿದೆ. ಮರುದಿನ ಅವರೇ ಬಂದಾಗ ಹೊಸ ಗ್ರಾಹಕರು. ಒಂದು ಕೆಲಸಕ್ಕೆ ಒಬ್ಬರು ಮೂರು ಸಲ ಬಂದರೆ ಕೌಂಟರಿನ ದಕ್ಷತೆ ಮೂರು ಪಟ್ಟು ಹೆಚ್ಚಿದಂತೆ ವರದಿ ಹೇಳುತ್ತದೆ. ಬಾಗಿಲಲ್ಲೇ ಒಬ್ಬರು ನಿಂತು, ಚೀಟಿ ಕೊಡುವ ಮುಂಚೆ ಕಾಗದಪತ್ರ ನೋಡಿಬಿಟ್ಟರೆ ಈ ದಟ್ಟಣೆಯ ಬಹುಪಾಲು ಕರಗಬಹುದು. ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ.

ಕಣ್ಣಿಗೆ ಕಾಣುವ ಸಾಲಿನ ಮಾತಿಗೆ ಮರಳಿದರೆ, ಅಮೆರಿಕದ ಎಂಐಟಿಯ ರಿಚರ್ಡ್ ಲಾರ್ಸನ್ 1987ರಲ್ಲಿ ಸಾಲು ಮತ್ತು ಸಾಮಾಜಿಕ ನ್ಯಾಯದ ಬಗ್ಗೆ ಬರೆದರು. ತನಗಿಂತ ತಡವಾಗಿ ಬಂದವರು ಮೊದಲು ಹೋದರೆ ಆಗುವ ಸಿಟ್ಟು ನಿಮಿಷಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಪಕ್ಕದ ಬಾಗಿಲಿನಿಂದ 'ಸಾಹೇಬರ ಪರಿಚಯದವರು' ಒಳಹೋದ ದಿನ, 20 ನಿಮಿಷ ಕಾದವರೂ ಎರಡು ಗಂಟೆ ಕಾದವರಷ್ಟೇ ಕೆರಳುತ್ತಾರೆ. ಸಂಖ್ಯೆಯ ಕ್ರಮವನ್ನು ಎಲ್ಲರ ಕಣ್ಣೆದುರು ಇಡುವ ಫಲಕಕ್ಕೆ ಸಲ್ಲಬೇಕಾದ ನಿಜವಾದ ಮೆಚ್ಚುಗೆ ಈ ಕಾರಣಕ್ಕೆ. ನಡುವೆ ಯಾರನ್ನಾದರೂ ತೂರಿಸಿದರೆ ಹಾಲ್‌ಗೆ ಹಾಲೇ ನೋಡುತ್ತದೆ.

ಕರ್ನಾಟಕದಲ್ಲಿ 2012ರಲ್ಲಿ ಜಾರಿಯಾದ 'ಸಕಾಲ' ಅರ್ಜಿ ವಿಲೇವಾರಿಗೆ ದಿನಗಳ ಗಡುವು ಹಾಕಿತು. ಆದರೆ ಗಡಿಯಾರ ಓಡತೊಡಗುವುದು ಅರ್ಜಿ ಸ್ವೀಕರಿಸಿ ಸಂಖ್ಯೆ ಕೊಟ್ಟ ಮೇಲೆ. ಅದಕ್ಕೂ ಮುಂಚೆ ಕೌಂಟರಿನ ಮುಂದೆ ಕಳೆದ ಹೊತ್ತಿಗೆ ಗಡುವೂ ಇಲ್ಲ, ಲೆಕ್ಕವೂ ಇಲ್ಲ. ಲೆಕ್ಕ ಇಡುವುದು ಕಷ್ಟವೇನಲ್ಲ. ಚೀಟಿ ಹೊರಬಂದ ಹೊತ್ತೂ ಸಂಖ್ಯೆ ಕೂಗಿದ ಹೊತ್ತೂ ಯಂತ್ರಕ್ಕೆ ತಿಳಿದೇ ಇರುತ್ತದೆ. ತಿಂಗಳಿಗೊಮ್ಮೆ ಆ ಅಂಕಿಗಳನ್ನು ಕಚೇರಿಯ ಬಾಗಿಲಿಗೆ ಅಂಟಿಸಿದರೆ ಯಾವ ಕೌಂಟರ್ ಎಷ್ಟು ಹೊತ್ತಿಗೆ ಬೇಕು ಎಂಬುದಕ್ಕೆ ತಜ್ಞರೇ ಬೇಕಾಗುವುದಿಲ್ಲ. ಅಂಟಿಸದ ಸರ್ಕಾರಿ ಕಚೇರಿಯಿಂದ ಓದುಗರು ಮಾಹಿತಿ ಹಕ್ಕಿನಡಿ ಅದನ್ನು ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಕಾಯಬೇಕಾದ ಅವಧಿ 30 ದಿನ.