ತೀರ್ಪನ್ನೂ ಓದಬೇಕಾಗಿದೆ

ವಿಮರ್ಶೆ ಎಂದರೆ ಕವಿತೆ, ಕಾದಂಬರಿಗಳ ಓದು ಎಂದೇ ಎಂ.ಎ. ತರಗತಿಯಲ್ಲಿ ನಮಗೆ ಕಲಿಸಿದರು. ಈಗ ನಾನೂ ಅದನ್ನೇ ಕಲಿಸುತ್ತಿದ್ದೇನೆ. ಆದರೆ ದಲಿತನ ಬದುಕಿನ ಮೇಲೆ ಹೆಚ್ಚು ಅಧಿಕಾರ ಚಲಾಯಿಸುವ ಬರವಣಿಗೆ ಕಾದಂಬರಿಯಲ್ಲ, ಕೋರ್ಟಿನ ತೀರ್ಪು. ದಲಿತ ವಿಮರ್ಶೆ ಅದನ್ನು ಮುಟ್ಟದೆ ದೂರ ಇಟ್ಟಿರುವುದು ಯಾಕೆ?

ನನ್ನ ವಿದ್ಯಾರ್ಥಿಗಳು ಸೇಡಂ, ಚಿತ್ತಾಪುರ, ಚಿಂಚೋಳಿ ಹಳ್ಳಿಗಳವರು. ವಾಡಿ, ಶಹಾಬಾದದ ಸಿಮೆಂಟು, ಕಲ್ಲುಗಣಿ ಕೂಲಿಕಾರರ ಮಕ್ಕಳು. ಒಂದು ಕೋರ್ಟು ಜೈಲಿಗೆ ಕಳಿಸುತ್ತದೆ, ಇನ್ನೊಂದು ಬುದ್ಧಿ ಹೇಳಿ ಬಿಡುತ್ತದೆ, ಯಾಕಪ್ಪಾ ಎಂದು ಕೇಳಿದರೆ, ‘ಜಡ್ಜ್ ಸಾಹೇಬ್ರ ಮನಸ್ಸರೀ ಸರ, ನಮ್ಮ ನಸೀಬ’ ಅನ್ನುತ್ತಾರೆ.

ಇದರಲ್ಲಿ ಅರ್ಧ ಸತ್ಯವಿದೆ. ಕಾನೂನು ಹೆಚ್ಚಿನ ಅಪರಾಧಗಳಿಗೆ ಗರಿಷ್ಠ ಶಿಕ್ಷೆಯನ್ನಷ್ಟೇ ಹೇಳಿ, ಉಳಿದದ್ದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡುತ್ತದೆ. ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಹೇಳಿತು. ಶಾಸನದ ಬಲವಿರುವ ಮಾರ್ಗಸೂಚಿ ಇನ್ನೂ ಬಂದಿಲ್ಲ.

ಉಳಿದರ್ಧ ಸತ್ಯ ಠಾಣೆಯಲ್ಲಿದೆ. ಜನರ ಎದುರು ಜಾತಿ ಹಿಡಿದು ಬೈದು ಹೊಡೆದದ್ದನ್ನು ಬರೀ ‘ಬಾಯಿಜಗಳ, ಹೊಡೆದಾಟ’ ಎಂದು ಬರೆದುಕೊಂಡರೆ ಪ್ರಕರಣ ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಉಳಿಯುತ್ತದೆ. ಅಪರಾಧ ರುಜುವಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಡಿ ಎಚ್ಚರಿಕೆ ಕೊಟ್ಟೋ ಮುಚ್ಚಳಿಕೆ ಬರೆಸಿಕೊಂಡೋ ಬಿಡಲು ಬರುತ್ತದೆ. ಅದನ್ನೇ 1989ರ ದೌರ್ಜನ್ಯ ತಡೆ ಕಾಯಿದೆಯಡಿ ಬರೆದರೆ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಜಾತಿನಿಂದನೆ ರುಜುವಾದರೆ 6 ತಿಂಗಳಿಗೆ ಕಡಿಮೆಯಿಲ್ಲದ ಸಜೆ. 19ನೇ ಕಲಮಿನ ಪ್ರಕಾರ 18 ದಾಟಿದವನಿಗೆ ಪರಿವೀಕ್ಷಣೆಯ ರಿಯಾಯಿತಿಯೂ ಇಲ್ಲ. ಬಿದ್ದ ಏಟು ಒಂದೇ. ಬರೆದ ಕಲಂ ಬೇರೆ.

ಇನ್ನು ಸಾಕ್ಷಿ. ಗಣಿ ಕೂಲಿಯವನ ಪಗಾರ ಆರೋಪಿಯ ಕೈಯಲ್ಲಿಲ್ಲದಿದ್ದರೆ ಅವನು ಕಟಕಟೆಯಲ್ಲಿ ಬಾಯಿ ಬಿಟ್ಟಾನು. ನಾಳೆ ಆರೋಪಿಯ ತೊಗರಿ ಹೊಲಕ್ಕೇ ಹೋಗಬೇಕಾದವನು? ಚಿಂಚೋಳಿ ಕಡೆಯಿಂದ ಮುಂಬೈಗೆ ದುಡಿಯಲು ಹೋದವನು ತಾರೀಖಿಗೆ ಬಾರದಿದ್ದರೆ ಅದನ್ನು ಅಸಡ್ಡೆ ಎಂದು ಓದಬೇಕೋ, ಹೊಟ್ಟೆಪಾಡು ಎಂದು ಓದಬೇಕೋ?

ನಮ್ಮ ಜಿಲ್ಲೆಯ ಆಚೆಗಿನ ಎರಡು ಪ್ರಕರಣ ನೋಡಿ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರ ಆಗಸ್ಟಿನಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅದೇ ತಿಂಗಳು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಒಬ್ಬ ನ್ಯಾಯಾಧೀಶರ ಎದೆ ಕಲ್ಲು, ಇನ್ನೊಬ್ಬರದು ಹೂವು ಎಂದು ಇದನ್ನು ಓದಿದರೆ ಕೆಟ್ಟೆವು. ಒಂದು ಕಡೆ ಸಾಕ್ಷಿ ಉಳಿಯಲಿಲ್ಲ. ಇನ್ನೊಂದು ಕಡೆ ಹತ್ತು ವರ್ಷ ತಡೆದುಕೊಂಡು ನಿಂತಿತು. ಶಿಕ್ಷೆಯ ಮಾತು ಬರುವುದೇ ಅದಾದ ಮೇಲೆ.

ಆ ಹೊತ್ತಿನಲ್ಲಿ ‘ಬಡವ, ಮನೆಗೆ ಇವನೇ ಆಸರೆ’ ಎಂದು ಅಪರಾಧಿಯ ಪರ ವಕೀಲರು ಹೇಳುತ್ತಾರೆ. ಹೇಳಲಿ, ಅದು ಅವರ ಹಕ್ಕು. 2016ರ ಜನವರಿಯಲ್ಲಿ ಜಾರಿಗೆ ಬಂದ 15ಎ ಕಲಂ, ದೌರ್ಜನ್ಯ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನೊಂದವರ ಮಾತನ್ನೂ ಕೇಳಬೇಕು ಅನ್ನುತ್ತದೆ. ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣದ ಖರ್ಚೂ ಸಿಗಬೇಕು ಅನ್ನುತ್ತದೆ. ಏಟು ತಿಂದವನ ಮನೆಗೆ ಯಾರು ಆಸರೆ ಎಂಬುದು ತೀರ್ಪಿನ ಯಾವ ಪುಟದಲ್ಲಿ ಬಂದಿದೆ?

ಈ ಪ್ರಶ್ನೆ ಹಿಡಿದು ಓದುವುದು ವಕೀಲರ ಕೆಲಸ ಮಾತ್ರವಲ್ಲ, ನಮ್ಮದೂ ಹೌದು. ಸೇಡಮ್ಮಿನದೊಂದು, ಚಿತ್ತಾಪುರದ್ದೊಂದು ತೀರ್ಪಿನ ನಕಲು ತೆಗೆಸೋಣ. ಠಾಣೆಯವರು ಯಾವ ಕಲಂ ಬರೆದರು, ಸಾಕ್ಷಿ ಯಾವ ತಾರೀಖಿಗೆ ಮಾತು ಬದಲಿಸಿದ, ನೊಂದವನನ್ನು ಕೇಳಿದರೋ ಇಲ್ಲವೋ ಎಂಬುದನ್ನು ಸಾಲು ಸಾಲಾಗಿ ಗುರುತು ಹಾಕೋಣ. ನಸೀಬ ಅಂದ ಹುಡುಗರನ್ನೂ ಕೂಡಿಸಿಕೊಂಡೇ ಓದೋಣ.